ಟೆರೇಸ್ ಸೋರಿಕೆ: ಶೀಟು ಹಾಕುವುದೋ, ಕೋಟಿಂಗೋ? ಖರ್ಚು ಯಾರ ತಲೆಗೆ? (32 ಫ್ಲ್ಯಾಟ್, ಮಂಗಳೂರು)

ಬಿಜೈ_ಸೆಕ್ರೆಟರಿ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಬಿಜೈ ಕಡೆಯ 14 ವರ್ಷದ ಅಪಾರ್ಟ್‌ಮೆಂಟ್. ಕೆಳಗೆ ಪಾರ್ಕಿಂಗ್, ಮೇಲೆ ನಾಲ್ಕು ಮಾಳಿಗೆ, ಮಾಳಿಗೆಗೆ ಎಂಟರಂತೆ 32 ಫ್ಲ್ಯಾಟ್. ಎರಡು ಬೆಡ್‌ರೂಮಿನವು 20 (1,050 ಚದರ ಅಡಿ), ಮೂರು ಬೆಡ್‌ರೂಮಿನವು 12 (1,450 ಚದರ ಅಡಿ). ಅಸೋಸಿಯೇಶನ್ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ ಆಗಿ ಉಂಟು. ಮೆಂಟೆನೆನ್ಸ್ ಎಲ್ಲರಿಗೂ ಒಂದೇ, ತಿಂಗಳಿಗೆ 2,000. ಕಾರ್ಪಸ್ (ಮೀಸಲು ನಿಧಿ) ಎಂದು ಬ್ಯಾಂಕಿನಲ್ಲಿ 3.2 ಲಕ್ಷದ ಎಫ್‌ಡಿ ಉಂಟು, ಬೇರೇನೂ ಇಲ್ಲ.

ಸಮಸ್ಯೆ ಹೀಗೆ. ನಾಲ್ಕನೇ ಮಾಳಿಗೆಯ ಮೂರು ಮನೆಗಳಲ್ಲಿ ಸೋರಿಕೆ. 401ರಲ್ಲಿ ಪಡುಬದಿಯ ರೂಮಿನ ಗೋಡೆ-ಸೀಲಿಂಗ್ ಕೂಡುವಲ್ಲಿ, 402ರಲ್ಲಿ ಹಾಲಿನ ಮೂಲೆಯಲ್ಲಿ, 406ರಲ್ಲಿ ಬಚ್ಚಲಿನ ಪಕ್ಕದ ಪ್ಯಾಸೇಜಿನಲ್ಲಿ. ಎರಡು ಕೊಟೇಶನ್ ಬಂದಿದೆ. ಒಬ್ಬರು ಇಡೀ ಟೆರೇಸಿಗೆ ಕಬ್ಬಿಣದ ಟ್ರಸ್ ಕಟ್ಟಿ ಶೀಟು ಹಾಕಲು ಚದರ ಅಡಿಗೆ 230ರಂತೆ 8,500 ಚದರ ಅಡಿಗೆ 19.55 ಲಕ್ಷ ಹೇಳಿದ್ದಾರೆ. ಇನ್ನೊಬ್ಬರು ಇದ್ದ ನೆಲದ ಮೇಲೆಯೇ ಪಿಯು (ಪಾಲಿಯುರೆಥೇನ್) ಕೋಟಿಂಗಿಗೆ ಚದರ ಅಡಿಗೆ 65ರಂತೆ ಸುಮಾರು 5.5 ಲಕ್ಷ, 5 ವರ್ಷ ಗ್ಯಾರಂಟಿ ಎನ್ನುತ್ತಾರೆ.

ಕೆಳಗಿನ ಮಾಳಿಗೆಯವರು "ಸೋರುವುದು ಅವರ ಮನೆ, ನಾವೆಂತಕ್ಕೆ ಕೊಡುವುದು" ಎನ್ನುತ್ತಾರೆ. ಸೋರುವ ಮೂವರು ಆರು ತಿಂಗಳಿಂದ ಮೆಂಟೆನೆನ್ಸ್ ನಿಲ್ಲಿಸಿದ್ದಾರೆ. 402ರವರು "ನನ್ನ ಮನೆಯ ಮೇಲಿನ ಭಾಗಕ್ಕೆ ನಾನೇ ಸ್ವಂತ ಖರ್ಚಿನಲ್ಲಿ ಶೀಟು ಹಾಕಿಕೊಳ್ಳುತ್ತೇನೆ, ಆ ಜಾಗ ನನಗೆ ಬಿಡಿ" ಎಂದು ಪತ್ರ ಕೊಟ್ಟಿದ್ದಾರೆ. ಈಗ ಮಾರ್ಚ್ ಮೊದಲ ವಾರ, ಪತ್ತನಾಜೆಯೊಳಗೆ (ಮೇ ಕೊನೆಯ ವಾರ, ಮಳೆಗಾಲಕ್ಕೆ ಮೊದಲು) ಏನಾದರೂ ಆಗಲೇಬೇಕು. ಗೊತ್ತಿದ್ದವರು ದಯವಿಟ್ಟು ಹೇಳಿ.

---

ಲೆಕ್ಕಪತ್ರ ಉತ್ತರಿಸಿದ್ದು:

ಮೊದಲು 402ರವರ ಪತ್ರಕ್ಕೆ ಉತ್ತರ: ಆಗುವುದಿಲ್ಲ ಎಂದು ಈ ವಾರವೇ ಲಿಖಿತವಾಗಿ ಕೊಡಿ. ಅವರು ಒಳ್ಳೆಯವರೇ ಇರಬಹುದು, ಪ್ರಶ್ನೆ ಅದಲ್ಲ. ಇವತ್ತು ಶೀಟು, ನಾಳೆ ಅದರ ಬದಿಗೆ ಜಾಲರಿ, ನಾಡಿದ್ದು ಬೀಗ. ಮನೆ ಮಾರುವಾಗ "ಟೆರೇಸ್ ಸಹಿತ" ಎಂದು ಜಾಹೀರಾತು ಬರುತ್ತದೆ, ಕೊಂಡವರ ಜೊತೆ ಕೋರ್ಟಿಗೆ ಹೋಗುವುದು ಆಗಿನ ಕಮಿಟಿ.

ಟೆರೇಸ್ ಯಾರದ್ದು ಎಂಬುದಕ್ಕೆ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972 ಸ್ಪಷ್ಟ: ಅಡಿಪಾಯ, ಕಂಬ, ತೊಲೆ, ಮುಖ್ಯ ಗೋಡೆ, ಚಾವಣಿ ಎಲ್ಲ ಸಾಮಾನ್ಯ ಭಾಗ. ಸಾಮಾನ್ಯ ಖರ್ಚು ಪ್ರತಿ ಮಾಲೀಕರ ಅವಿಭಜಿತ ಹಕ್ಕಿನ (ಸಾಮಾನ್ಯ ಭಾಗಗಳಲ್ಲಿ ಅವರಿಗಿರುವ ಪಾಲು) ಶೇಕಡಾವಾರು ಪ್ರಕಾರ ಹಂಚಿಕೆ. "ನಾನು ಟೆರೇಸಿಗೆ ಹೋಗುವುದೇ ಇಲ್ಲ" ಎಂದು ತಪ್ಪಿಸಿಕೊಳ್ಳಲು ಬರುವುದಿಲ್ಲ. ಆದರೆ ಈ ಕಾಯ್ದೆ ನಿಮಗೆ ಅನ್ವಯವಾಗಬೇಕಾದರೆ ಬಿಲ್ಡರ್ ಘೋಷಣಾ ಪತ್ರ (ಕಟ್ಟಡವನ್ನು ಈ ಕಾಯ್ದೆಗೆ ಒಳಪಡಿಸುವ ದಾಖಲೆ) ನೋಂದಣಿ ಮಾಡಿಸಿರಬೇಕು. ಸಂಘದ ನೋಂದಣಿ ಬೇರೆ, ಘೋಷಣಾ ಪತ್ರ ಬೇರೆ. ಯಾರದ್ದಾದರೂ ಕ್ರಯಪತ್ರ ತೆಗೆದು ನೋಡಿ. ಘೋಷಣಾ ಪತ್ರದ ನಂಬರು, ದಿನಾಂಕ, ಷೆಡ್ಯೂಲಿನಲ್ಲಿ ಅವಿಭಜಿತ ಹಕ್ಕಿನ ಶೇಕಡಾ ಇರುತ್ತದೆ. ಆ ನಂಬರು ಹಿಡಿದು ಉಪನೋಂದಣಾಧಿಕಾರಿ ಕಚೇರಿಯಿಂದ ದೃಢೀಕೃತ ಪ್ರತಿ ತೆಗೆಸಿ. ಸಭೆಯಲ್ಲಿ ಅದನ್ನು ಮೇಜಿನ ಮೇಲಿಟ್ಟರೆ ಅರ್ಧ ಗಲಾಟೆ ಅಲ್ಲೇ ನಿಲ್ಲುತ್ತದೆ. ಘೋಷಣಾ ಪತ್ರ ಇಲ್ಲದಿದ್ದರೂ ಬೈಲಾ ಮತ್ತು ಕ್ರಯಪತ್ರದ ಷರತ್ತು ನಿಮ್ಮ ಕೈಯಲ್ಲಿ ಉಂಟು. ಚಾವಣಿಯ ಖರ್ಚು ಎಲ್ಲರದ್ದು ಎಂದು ಸಾಧಾರಣವಾಗಿ ಅದರಲ್ಲೂ ಬರೆದಿರುತ್ತದೆ.

ತಿಂಗಳ ಮೆಂಟೆನೆನ್ಸ್ ಎಲ್ಲರಿಗೂ ಸಮ ಇರಲಿ, ಬೈಲಾ ಒಪ್ಪಿದರೆ ತೊಂದರೆಯಿಲ್ಲ. ವಾಚ್‌ಮನ್ ಸಂಬಳ, ಕಸ, ಗುಡಿಸುವುದಕ್ಕೆ ಮನೆ ದೊಡ್ಡದಾದರೇನು, ಸಣ್ಣದಾದರೇನು. ಕಟ್ಟಡದ ದೊಡ್ಡ ದುರಸ್ತಿಗೆ ಮಾತ್ರ ಚದರ ಅಡಿ ಲೆಕ್ಕವೇ ನ್ಯಾಯ. ಒಟ್ಟು 38,400 ಚದರ ಅಡಿ. ಶೀಟಿನ 19.55 ಲಕ್ಷ ಹಂಚಿದರೆ ಅಡಿಗೆ 50.91, ಅಂದರೆ ಸಣ್ಣ ಮನೆಗೆ ಸುಮಾರು 53,450, ದೊಡ್ಡದಕ್ಕೆ 73,800.

ಇಲ್ಲೊಂದು ಜಿಎಸ್‌ಟಿ ಸಂಗತಿ. ವರ್ಷದ ಒಟ್ಟು ವಸೂಲಿ 20 ಲಕ್ಷ ದಾಟಿ, ಜೊತೆಗೆ ಒಬ್ಬ ಸದಸ್ಯರ ತಿಂಗಳ ಮೊತ್ತವೂ 7,500 ದಾಟಿದರೆ 18% ಬೀಳುತ್ತದೆ. ಎರಡೂ ಒಟ್ಟಿಗೆ ಆಗಬೇಕು, ಒಂದೇ ಆದರೆ ಇಲ್ಲ. ನಿಮ್ಮ ಮಾಮೂಲು ವಸೂಲಿ ವರ್ಷಕ್ಕೆ 7.68 ಲಕ್ಷ. ಶೀಟಿನ ಹಣ ಒಂದೇ ವರ್ಷದಲ್ಲಿ ಎತ್ತಿದರೆ 27 ಲಕ್ಷ. ಆಗ ತಿಂಗಳ ಕಂತು ಮೆಂಟೆನೆನ್ಸ್ ಸೇರಿ 7,500ರ ಒಳಗೆ ಇರಬೇಕಾದರೆ ದೊಡ್ಡ ಮನೆಯವರಿಗೆ 14 ಕಂತು ಬೇಕು. ಹಾಗಾದರೆ ಈ ಮಳೆಗಾಲಕ್ಕೆ ಹಣ ಕೂಡುವುದಿಲ್ಲ. ಶೀಟಿಗೆ ಹೌದು ಎನ್ನುವ ಮೊದಲು ಆಡಿಟರರ ಹತ್ತಿರ ಇದನ್ನು ಮಾತಾಡಿ.

---

ಕೆಂಪುಕಲ್ಲು ಉತ್ತರಿಸಿದ್ದು:

ಎರಡೂ ಕೊಟೇಶನ್ ಪಕ್ಕಕ್ಕಿಡಿ. ನೀರು ಎಲ್ಲಿಂದ ಬರುತ್ತಿದೆ ಎಂದು ಇಬ್ಬರಲ್ಲಿ ಒಬ್ಬರೂ ನೋಡಿದಂತಿಲ್ಲ. ನಿಮ್ಮ ವಿವರಣೆಯಲ್ಲೇ ಮೂರು ಬೇರೆ ಬೇರೆ ರೋಗ ಕಾಣುತ್ತದೆ.

406ರ ನೆತ್ತಿಯ ಮೇಲೆ ಅಥವಾ ಹತ್ತಿರ ನೀರಿನ ಟ್ಯಾಂಕ್ ಉಂಟಾ? ಅಲ್ಲಿನ ಕಲೆ ಈಗ, ಈ ಮಾರ್ಚಿನಲ್ಲಿ, ಮುಟ್ಟಿದರೆ ಒದ್ದೆಯಾ? ಮಳೆ ಹೋಗಿ ತಿಂಗಳುಗಳಾದರೂ ಒದ್ದೆ ಇದ್ದರೆ ಅದು ಮಳೆಯ ನೀರಲ್ಲ. ರಾತ್ರಿ 11ಕ್ಕೆ ಟ್ಯಾಂಕ್ ತುಂಬಿಸಿ, ಕೆಳಗೆ ಹೋಗುವ ವಾಲ್ವ್ ಎಲ್ಲ ಬಂದ್ ಮಾಡಿ, ಒಳಗೋಡೆಯಲ್ಲಿ ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆಯಿರಿ. ಬೆಳಿಗ್ಗೆ 5ಕ್ಕೆ ನೋಡಿ. ವಾಲ್ವ್ ಸರಿಯಾಗಿ ಮುಚ್ಚದಿದ್ದರೂ ಮಟ್ಟ ಇಳಿಯುತ್ತದೆ, ಹಾಗಾಗಿ ಮೇಲಿನ ಎರಡು ಮನೆಯ ನಲ್ಲಿ ಬಿಟ್ಟು ನೀರು ಬರುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ.

401ದು ಪಡುಗೋಡೆ. ನಮ್ಮಲ್ಲಿ ಮಳೆ ನೆಟ್ಟಗೆ ಬೀಳುವುದು ಕಡಿಮೆ, ನೈಋತ್ಯದ ಗಾಳಿಯ ಜೊತೆ ಅಡ್ಡ ಹೊಡೆಯುತ್ತದೆ. ಹೊರಗೋಡೆ ಕೆಂಪುಕಲ್ಲಿನದ್ದಾದರೆ ಗಾರೆಯಲ್ಲಿ ಕೂದಲೆಳೆಯಷ್ಟು ಬಿರುಕು ಸಾಕು, ಕಲ್ಲು ನೀರು ಕುಡಿದು ಇಟ್ಟುಕೊಂಡು ನಿಧಾನಕ್ಕೆ ಒಳಗೆ ಬಿಡುತ್ತದೆ. ಹೀಗಿದ್ದರೆ 19 ಲಕ್ಷದ ಶೀಟು ಹಾಕಿದರೂ 401 ಸೋರಿಯೇ ಸೋರುತ್ತದೆ. ಪೈಪಿನಲ್ಲಿ ಹೊರಗೋಡೆಗೆ ಕೆಳಗಿನಿಂದ ಮೇಲಕ್ಕೆ, ಎರಡೆರಡು ಅಡಿಯಂತೆ, ಒಂದೊಂದು ಹಂತಕ್ಕೆ ಅರ್ಧ ಗಂಟೆ ನೀರು ಬಿಡಿ. ಮೇಲಿನಿಂದ ಶುರು ಮಾಡಿದರೆ ನೀರು ಇಡೀ ಗೋಡೆಯಲ್ಲಿ ಇಳಿದು ಯಾವ ಬಿರುಕು ಎಂದು ತಿಳಿಯುವುದಿಲ್ಲ. ಎಸಿ ಪೈಪಿನ ತೂತು ತಪ್ಪದೆ ನೋಡಿ. ಒಳಮುಖ ಇಳಿಜಾರಾಗಿ ಕೊರೆದ ತೂತು ಈ ಊರಿನ ಅರ್ಧ ಪಡುಗೋಡೆಗಳ ಕತೆ.

402 ಮಾತ್ರ ನಿಜಕ್ಕೂ ಟೆರೇಸಿನದ್ದಿರಬಹುದು. ಮೂಲೆ ಎಂದಿರಿ, ಆ ಮೂಲೆಯ ಮೇಲೆ ಮಳೆನೀರಿನ ಪೈಪಿನ ಬಾಯಿ ಉಂಟಾ ನೋಡಿ. ಪಾಂಡಿಂಗ್ ಟೆಸ್ಟ್ (ನೀರು ನಿಲ್ಲಿಸಿ ನೋಡುವುದು) ಮಾಡಿ, ಆದರೆ ಇಡೀ ಟೆರೇಸಿಗೆ ಅಲ್ಲ. 8,500 ಚದರ ಅಡಿಗೆ 2 ಇಂಚು ನೀರು ನಿಲ್ಲಿಸಲು 40,000 ಲೀಟರ್ ಹತ್ತಿರ ಬೇಕು. ಬೇಸಗೆಯಲ್ಲಿ ಹಾಗೆ ಮಾಡಿದರೆ ಸೋರುವವರೇ ಬೈದಾರು. 402ರ ಮೇಲಿನ 600 ಚದರ ಅಡಿಗೆ ಮಾತ್ರ ಕಲ್ಲು-ಗಾರೆಯಲ್ಲಿ 4 ಇಂಚಿನ ಕಟ್ಟೆ ಹಾಕಿ, ಪೈಪಿನ ಬಾಯಿ ಮುಚ್ಚಿ. 2,800 ಲೀಟರಿನಲ್ಲಿ ಮುಗಿಯುತ್ತದೆ. ಬಾವಿ ನೀರೇ ಆಗಬಹುದು. 48 ಗಂಟೆ ನಿಲ್ಲಿಸಿ. ಮೊದಲ ಸಲ ಬಾಯಿ ಮುಚ್ಚಿ, ಎರಡನೇ ಸಲ ಬಾಯಿಯ ಸುತ್ತ ಮಾತ್ರ ನೀರು ಬಿಟ್ಟು ನೋಡಿದರೆ ನೆಲವೋ, ಪೈಪಿನ ಸಂದೋ ಎಂದು ಗೊತ್ತಾಗುತ್ತದೆ.

ಇನ್ನು ಶೀಟು. ನಾನು ಶೀಟಿನ ವಿರೋಧಿಯಲ್ಲ. ಕರಾವಳಿಯಲ್ಲಿ ಹಳೆ ಸ್ಲ್ಯಾಬಿಗೆ ಅದು ಒಳ್ಳೆಯ ಕೊಡೆ. ಆದರೆ ಕೊಟೇಶನಿನಲ್ಲಿ ಏನು ಬಿಟ್ಟಿದ್ದಾರೆ ಎಂದು ಓದಿ. ಸೋಲಾರ್ ಹೀಟರ್ ಎತ್ತಿ ಶೀಟಿನ ಮೇಲೆ ಕೂರಿಸುವುದು, ಮಿಂಚುಬಂಧಕ, ಡಿಶ್‌ಗಳು, ಟ್ಯಾಂಕಿಗೆ ಹತ್ತುವ ದಾರಿ, ಗಟರ್, ಇಳಿಪೈಪು, ಇವೆಲ್ಲ "ಎಕ್ಸ್‌ಟ್ರಾ" ಎಂದು ಆಮೇಲೆ ಬರುತ್ತವೆ. ಕಂಬದ ಬೇಸ್ ಪ್ಲೇಟನ್ನು ಸ್ಲ್ಯಾಬಿನ ನಡುವೆ ಡ್ರಿಲ್ ಮಾಡಿ ಆಂಕರ್ ಬೋಲ್ಟ್ ಹಾಕಿದರೆ ಸೋರದ ಕಡೆಯೂ ಸೋರಲು ಶುರು. ಕೆಳಗಿನ ಕಾಲಂ ಅಥವಾ ಬೀಮ್ ಇರುವಲ್ಲಿ ಮಾತ್ರ ಸಣ್ಣ ಕಾಂಕ್ರೀಟ್ ಪೀಠ ಕಟ್ಟಿ ಅದಕ್ಕೆ ಬೋಲ್ಟ್ ಹಾಕಬೇಕು. ಮಳೆಗಾಲದ ಗಾಳಿ ಶೀಟನ್ನು ಒತ್ತುವುದಕ್ಕಿಂತ ಹೆಚ್ಚು ಮೇಲಕ್ಕೆ ಎತ್ತುತ್ತದೆ. ಲೆಕ್ಕ ಹಾಕಬೇಕಾದದ್ದು ಶೀಟಿನ ಭಾರವನ್ನಲ್ಲ, ಅದು ಹಾರದಂತೆ ಹಿಡಿಯುವುದನ್ನು. ಸ್ಟ್ರಕ್ಚರಲ್ ಇಂಜಿನಿಯರರ ಸಹಿ ಇರುವ ನಕ್ಷೆ ಇಲ್ಲದೆ ಮುಂದುವರಿಯಬೇಡಿ. ಪಾಲಿಕೆಯಲ್ಲೂ ಮೊದಲೇ ಲಿಖಿತವಾಗಿ ಕೇಳಿ. ಬದಿ ಮುಚ್ಚಿದಿರೋ, ಅದು ಹೆಚ್ಚುವರಿ ಮಾಳಿಗೆ ಎಂಬ ತಕರಾರು ಬರುತ್ತದೆ. ಉಪ್ಪುಗಾಳಿಗೆ ಮೊದಲು ಸಾಯುವುದು ಶೀಟಲ್ಲ, ಸ್ಕ್ರೂವಿನ ಕೆಳಗಿನ ರಬ್ಬರ್ ವಾಶರ್. ಅದನ್ನು ಕೆಲವು ವರ್ಷಕ್ಕೊಮ್ಮೆ ಬದಲಿಸುವ ಖರ್ಚು ಯಾರೂ ಹೇಳುವುದಿಲ್ಲ.

ಪಿಯು ಕೋಟಿಂಗಿನ ಬಗ್ಗೆ: ಹಳೆ ನೆಲದ ಅಡಿಯಲ್ಲಿ ತೇವ ಇದ್ದಾಗ ಮೇಲೆ ಕೋಟಿಂಗ್ ಎಳೆದರೆ ಬಿಸಿಲಿಗೆ ಆವಿ ಮೇಲೆದ್ದು ಗುಳ್ಳೆ ಬರುತ್ತದೆ, ಒಂದು ಮಳೆಗಾಲದಲ್ಲಿ ಸಿಪ್ಪೆ ಏಳುತ್ತದೆ. ಸುತ್ತಿಗೆಯಿಂದ ತಟ್ಟಿ ನೋಡಿ, ಟೊಳ್ಳು ಶಬ್ದ ಬಂದಲ್ಲೆಲ್ಲ ಕಿತ್ತು ಹೊಸದಾಗಿ ಮಾಡಿ ಆಮೇಲೆ ಕೋಟಿಂಗ್. "ಹಳೆಯದರ ಮೇಲೆ ಇನ್ನೊಂದು 2 ಇಂಚು ಕಾಂಕ್ರೀಟ್ ಹಾಕುವ" ಎಂಬ ಸಲಹೆ ಬಂದರೆ ಒಪ್ಪಬೇಡಿ. ಪ್ರತಿ ಚದರ ಮೀಟರಿಗೆ 120 ಕಿಲೋ ಭಾರ ಸ್ಲ್ಯಾಬಿನ ಮೇಲೆ ಶಾಶ್ವತವಾಗಿ ಕೂತ ಹಾಗೆ.

---

ಮೇಲ್ಮಾಳಿಗೆ ಉತ್ತರಿಸಿದ್ದು:

ಎಲ್ಲ ಸರಿ, ಆದರೆ ಸೋರುವ ಮನೆಯವರ ಕಡೆಯಿಂದ ಒಂದು ಮಾತು. ಎರಡು ಮಳೆಗಾಲ ಬಕೆಟ್ ಇಟ್ಟುಕೊಂಡು ಕೂತವರಿಗೆ ಮೆಂಟೆನೆನ್ಸ್ ನಿಲ್ಲಿಸುವುದು ಬಿಟ್ಟು ಬೇರೆ ಎಂತ ದಾರಿ ಉಂಟು? ಒಳಗಿನ ಹಾಳಾದ ಪೈಂಟ್, ಪ್ಲಾಸ್ಟರ್, ವಾರ್ಡ್‌ರೋಬ್ ಯಾರು ಕೊಡುವುದು?

---

ಲೆಕ್ಕಪತ್ರ ಉತ್ತರಿಸಿದ್ದು:

ದಾರಿ ಉಂಟು. ಲಿಖಿತ ದೂರು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ, ಫೋಟೋದಲ್ಲಿ ದಿನಾಂಕ ಬರುವಂತೆ ನೋಡಿಕೊಳ್ಳಿ, ಮಹಾಸಭೆಯ ಅಜೆಂಡಾದಲ್ಲಿ ಹಾಕಿಸಿ. ಮೆಂಟೆನೆನ್ಸನ್ನು "ಪ್ರತಿಭಟನೆಯೊಂದಿಗೆ ಪಾವತಿ" ಎಂದು ಬರೆದು ಕಟ್ಟುತ್ತಾ ಹೋಗಿ. ಕಟ್ಟದೆ ಇದ್ದರೆ ನೀವು ಬಾಕಿದಾರರಾಗುತ್ತೀರಿ, ಬೈಲಾ ಪ್ರಕಾರ ಮತದ ಹಕ್ಕೂ ಹೋಗುವ ಸಾಧ್ಯತೆ ಉಂಟು. ಅದು ಬೇಕಾಗುವುದೇ ಈ ಸಭೆಯಲ್ಲಿ.

ಒಳಗಿನ ಹಾನಿ: ಸೋರಿಕೆಯ ಮೂಲ ಸಾಮಾನ್ಯ ಭಾಗದಲ್ಲಿದ್ದರೆ ಪ್ಲಾಸ್ಟರ್ ಮತ್ತು ಒಂದು ಕೋಟ್ ಬಿಳಿ ಪೈಂಟ್‌ವರೆಗೆ ಅಸೋಸಿಯೇಶನ್ ಕೊಡುವುದು ಸಮಂಜಸ. ಫಾಲ್ಸ್ ಸೀಲಿಂಗ್, ವಾಲ್‌ಪೇಪರ್, ವಾರ್ಡ್‌ರೋಬ್ ಮಾಲೀಕರದ್ದು. ಈ ಗಡಿ ನಿಮ್ಮ ಬೈಲಾದಲ್ಲಿ ಇಲ್ಲದಿದ್ದರೆ ಈ ಸಭೆಯಲ್ಲೇ ನಿರ್ಣಯ ಮಾಡಿ, ಯಾಕೆಂದರೆ ಮುಂದಿನ ಸಲ ಸೋರುವುದು ಬೇರೆಯವರ ಮನೆ. ಹೊರಗೋಡೆ ಸಾಮಾನ್ಯ. ಅದಕ್ಕೆ ಮಾಲೀಕರು ಕೊರೆಸಿದ ಎಸಿ ತೂತು, ಆಮೇಲೆ ಬದಲಿಸಿದ ಕಿಟಕಿ ಫ್ರೇಮು ಅವರದ್ದೇ.

---

ಬಿಜೈ_ಸೆಕ್ರೆಟರಿ ಬರೆದದ್ದು:

ಟೆಸ್ಟ್ ಮಾಡಿಸಿದೆವು. ಕೆಂಪುಕಲ್ಲು ಸಾರ್ ಹೇಳಿದ ಹಾಗೆಯೇ ಮೂರೂ ಬೇರೆ.

406: ಟ್ಯಾಂಕ್ ಕಾಂಕ್ರೀಟಿನದ್ದು, ಒಳಗೆ 10 ಅಡಿ × 8 ಅಡಿ, ನಡುಗೋಡೆ ಉಂಟು. ರಾತ್ರಿಯಲ್ಲಿ ಒಂದೂವರೆ ಇಂಚು ಇಳಿದಿದೆ, ಎರಡೂ ಭಾಗದಲ್ಲಿ. ವಾಲ್ವ್ ಸರಿ ಉಂಟು. 402: ಸುಮಾರು 20 ಗಂಟೆಗೆ ಮೂಲೆಯಲ್ಲಿ ಹನಿ ಶುರು. ಮೇಲೆ ಪೈಪಿನ ಬಾಯಿ ಅಲ್ಲೇ ಉಂಟು, ಬಾಯಿಯ ಸುತ್ತ ಮಾತ್ರ ನೀರು ಬಿಟ್ಟಾಗಲೂ ಹನಿ ಬಂತು. 401: ಟೆರೇಸಿನಲ್ಲಿ ನೀರು ನಿಲ್ಲಿಸಿದರೆ ಏನೂ ಇಲ್ಲ. ಹೊರಗೋಡೆಗೆ ನೀರು ಬಿಟ್ಟಾಗ ಕಿಟಕಿಯ ಸಜ್ಜದ ಮಟ್ಟಕ್ಕೆ ಬರುವಷ್ಟರಲ್ಲಿ ಒಳಗೆ ಒದ್ದೆ. ಎಸಿ ತೂತೂ ಉಂಟು, ಒಳಮುಖವೇ!

ಇನ್ನು ಬಾಕಿದಾರರ ವಿಷಯ. ಸೋರುವ ಮೂವರನ್ನು ಬಿಟ್ಟು ಬೇರೆ ಐದು ಮನೆಯವರು ಗಲ್ಫ್, ಮುಂಬೈಯಲ್ಲಿದ್ದಾರೆ, ಒಟ್ಟು 3.4 ಲಕ್ಷ ಬಾಕಿ. ಅದರಲ್ಲಿ ಒಬ್ಬರದ್ದು ನಾಲ್ಕು ವರ್ಷದ್ದು. ನೀರಿನ ಲೈನ್ ಬಂದ್ ಮಾಡಬೇಕು ಎಂದು ಕಮಿಟಿಯಲ್ಲಿ ಕೆಲವರ ಒತ್ತಾಯ.

---

ಕೆಂಪುಕಲ್ಲು ಉತ್ತರಿಸಿದ್ದು:

ಒಂದೂವರೆ ಇಂಚು ಎಂದರೆ ರಾತ್ರಿಗೆ 280 ಲೀಟರ್ ಹತ್ತಿರ. ಇಷ್ಟು ವರ್ಷ ಪಂಪಿನ ಕರೆಂಟು ಬಿಲ್ಲಿನಲ್ಲೂ ಅದು ಸೇರಿಕೊಂಡು ಹೋಗಿದೆ. ಅದನ್ನೇ ಮೊದಲು ಹಿಡಿಯಿರಿ.

ಟ್ಯಾಂಕ್: ನಡುಗೋಡೆ ಇರುವುದು ಭಾಗ್ಯ. ಒಂದು ಭಾಗ ಖಾಲಿ ಮಾಡಿ, ಇನ್ನೊಂದರಲ್ಲಿ ಮನೆಗಳಿಗೆ ನೀರು. ಒಳಗೆ ಪಾಚಿ, ಹಳೆ ಪುಡಿ ಗಾರೆ ಎಲ್ಲ ವೈರ್ ಬ್ರಶ್ಶಿನಲ್ಲಿ ಕೆರೆದು ತೊಳೆಯಬೇಕು. ಹೆಚ್ಚಾಗಿ ಸೋರುವುದು ಪೈಪು ಗೋಡೆ ದಾಟುವಲ್ಲಿ ಮತ್ತು ನೆಲ-ಗೋಡೆ ಕೂಡುವಲ್ಲಿ. ಪೈಪಿನ ಸುತ್ತ ಒಂದು ಇಂಚು ಆಳಕ್ಕೆ ಕೊರೆದು ಕುಗ್ಗದ ಗ್ರೌಟ್ ತುಂಬಿಸಿ. ಒಳಮೂಲೆಗಳನ್ನು ಪಾಲಿಮರ್ ಗಾರೆಯಲ್ಲಿ ದುಂಡಗೆ ತಿದ್ದಿ. ಆಮೇಲೆ ಕುಡಿಯುವ ನೀರಿಗೆ ಆಗುವಂಥ ಸಿಮೆಂಟ್-ಪಾಲಿಮರ್ ಕೋಟಿಂಗ್ ಎರಡು ಕೋಟ್, ಎರಡನೆಯದು ಮೊದಲಿನದಕ್ಕೆ ಅಡ್ಡವಾಗಿ. ಡಬ್ಬಿಯಲ್ಲಿ "ಕುಡಿಯುವ ನೀರಿಗೆ ಯೋಗ್ಯ" ಎಂದು ಬರೆದಿರಲೇಬೇಕು. ಒಣಗಲು ಡಬ್ಬಿಯಲ್ಲಿ ಹೇಳಿದಷ್ಟು ದಿನ ಬಿಡಿ, ಅವಸರ ಮಾಡಬೇಡಿ. ಮೊದಲು ತುಂಬಿಸಿದ ನೀರು ಚೆಲ್ಲಿ. ಅದೇ ಸೀಮೆಸುಣ್ಣದ ಗೆರೆಯ ಟೆಸ್ಟ್ ಮತ್ತೆ ಮಾಡಿ, ಆಮೇಲೆ ಇನ್ನೊಂದು ಭಾಗಕ್ಕೆ ಕೈ ಹಾಕಿ.

402ರ ಪೈಪಿನ ಬಾಯಿ: ಸುತ್ತ 2 ಅಡಿ × 2 ಅಡಿ ನೆಲ ಸ್ಲ್ಯಾಬಿನ ತನಕ ಕಿತ್ತು, ಹಳೆ ಪೈಪಿನ ತುದಿ ತೆಗೆದು ಕಾಲರ್ ಇರುವ ಹೊಸ ತುಂಡು ಕೂರಿಸಿ. ಬಾಯಿ ಸುತ್ತಲಿನ ನೆಲಕ್ಕಿಂತ ಒಂದು ಇಂಚು ತಗ್ಗಿನಲ್ಲಿರಲಿ, ಕೋಟಿಂಗ್ ಪೈಪಿನ ಒಳಗಿನ ತನಕ ಇಳಿಯಲಿ. ಮೇಲೆ ಚಪ್ಪಟೆ ಜಾಲರಿ ಬೇಡ, ಗುಮ್ಮಟದ ಆಕಾರದ್ದು ಹಾಕಿ. ಚಪ್ಪಟೆಯದ್ದಕ್ಕೆ ನಾಲ್ಕು ಮಾವಿನ ಎಲೆ ಸಾಕು, ಟೆರೇಸೇ ಕೆರೆ. ಉಳಿದ ಪೈಪುಗಳ ಬಾಯಿಗೂ ಇದೇ ಗತಿ ಬಂದಿರುತ್ತದೆ, ಎಲ್ಲವನ್ನೂ ಒಂದೇ ಸಲ ಮಾಡಿಸಿ. ಒಟ್ಟು ಎಷ್ಟು ಪೈಪು ಉಂಟು?

401: ಬಿರುಕುಗಳನ್ನು 10 ಮಿ.ಮೀ. ಅಗಲ ವಿ ಆಕಾರದಲ್ಲಿ ಬಿಡಿಸಿ ಪಾಲಿಮರ್ ಗಾರೆ ತುಂಬಬೇಕು. ಸಜ್ಜದ ಮೇಲ್ಭಾಗ ಹೊರಗೆ ಇಳಿಜಾರಾಗಿರಲಿ, ಗೋಡೆ ಕೂಡುವಲ್ಲಿ ದುಂಡಗೆ ತಿದ್ದಿ. ಸಜ್ಜದ ಅಡಿಯ ಅಂಚಿನಲ್ಲಿ ನೀರು ತುಂಡಾಗಲು ಸಣ್ಣ ಗೀರು ಕೊರೆದಿರಬೇಕು, ಇಲ್ಲದಿದ್ದರೆ ನೀರು ಅಡಿಭಾಗ ಹಿಡಿದು ಕಿಟಕಿಗೆ ಬರುತ್ತದೆ. ಫ್ರೇಮಿನ ಸಂದಿಗೆ ಪಿಯು ಸೀಲೆಂಟ್. ಗೋಡೆ ಪೂರ್ತಿ ಒಣಗಿದ ಮೇಲೆ ಹಿಗ್ಗುವ ಗುಣದ ಹೊರಗೋಡೆ ಪೈಂಟ್ ಎರಡು ಕೋಟ್, ಇಡೀ ಪಡುಗೋಡೆಗೆ. 401ರ ಭಾಗಕ್ಕೆ ಮಾತ್ರ ಹಚ್ಚಿದರೆ ಮುಂದಿನ ವರ್ಷ 301. ಈ ಕೆಲಸ ಏಪ್ರಿಲಿನಲ್ಲೇ ಆಗಬೇಕು, ಮೇ ತಿಂಗಳ ಸಂಜೆ ಮಳೆ ಶುರುವಾದರೆ ಗೋಡೆ ಒಣಗುವುದಿಲ್ಲ.

ಟೆರೇಸಿನ ಉಳಿದ ಭಾಗಕ್ಕೆ ಈ ವರ್ಷ ಏನೂ ಮಾಡಬೇಡಿ. ಒಂದು ಮಳೆಗಾಲ ನೋಡಿ.

---

ಲೆಕ್ಕಪತ್ರ ಉತ್ತರಿಸಿದ್ದು:

ನೀರು ಬಂದ್ ಮಾಡಬೇಡಿ. ಅಗತ್ಯ ಸೇವೆ ಕಡಿದರೆ ಬಾಕಿದಾರರೇ ಪೊಲೀಸು, ಕೋರ್ಟು ಎಂದು ಹೋಗುತ್ತಾರೆ. ನಿಮ್ಮ ಹಣ ಅಲ್ಲೇ ಉಳಿದು, ವಕೀಲರ ಫೀಸು ಮೇಲೆ ಬೀಳುತ್ತದೆ. ಬಾಡಿಗೆಯವರಿದ್ದರಂತೂ ಅವರದ್ದೇನೂ ತಪ್ಪಿಲ್ಲ. ಬೈಲಾ ಅವಕಾಶ ಕೊಟ್ಟರೆ ಗೆಸ್ಟ್ ಪಾರ್ಕಿಂಗ್, ಹಾಲ್ ಬುಕಿಂಗ್ ಇಂಥದ್ದು ನಿಲ್ಲಿಸಬಹುದು.

ನಾಲ್ಕು ವರ್ಷದ ಬಾಕಿ ಅವಸರದ್ದು. ವಸೂಲಿ ದಾವೆಗೆ ಕಾಲಮಿತಿ 3 ವರ್ಷ. ಪ್ರತಿ ತಿಂಗಳ ಬಾಕಿ ಅದರದರ ದಿನಾಂಕದಿಂದ ಹಳತಾಗುತ್ತದೆ, ಅಂದರೆ ಮೊದಲ ವರ್ಷದ್ದು ಆಗಲೇ ಕೈಬಿಟ್ಟ ಹಾಗೆ. ಉಳಿದದ್ದಕ್ಕೆ ಅವರಿಂದ "ಇಷ್ಟು ಬಾಕಿ ಉಂಟು, ಒಪ್ಪಿದ್ದೇನೆ" ಎಂದು ಸಹಿ ಇರುವ ಪತ್ರ ತರಿಸಿ, ಮಿತಿಯೊಳಗೆ ಬಂದ ಒಪ್ಪಿಗೆಯಿಂದ ಎಣಿಕೆ ಹೊಸದಾಗಿ ಶುರು. ವಾಟ್ಸಾಪಿನಲ್ಲಿ ಹೆಬ್ಬೆರಳು ಚಿತ್ರ ಕಳಿಸಿದ್ದನ್ನು ನಂಬಿ ಕೂರಬೇಡಿ. ಒಪ್ಪದಿದ್ದರೆ ತಿಂಗಳುವಾರು ಲೆಡ್ಜರ್ ಪ್ರತಿ, ಬೈಲಾದ ಬಡ್ಡಿ ಕಲಂ ಜೊತೆ ಸ್ವೀಕೃತಿ ಸಿಗುವಂತೆ ಸ್ಪೀಡ್ ಪೋಸ್ಟಿನಲ್ಲಿ ನೋಟಿಸು, ಆಮೇಲೆ ವಕೀಲರ ನೋಟಿಸು. 1972ರ ಕಾಯ್ದೆಗೆ ಒಳಪಟ್ಟ ಕಟ್ಟಡವಾದರೆ ಈ ಬಾಕಿ ಫ್ಲ್ಯಾಟಿನ ಮೇಲಿನ ಋಣಭಾರವೇ ಆಗುತ್ತದೆ. ಆಸ್ತಿ ತೆರಿಗೆ, ಮೊದಲ ಅಡಮಾನದಂಥವು ಮಾತ್ರ ಅದಕ್ಕಿಂತ ಮುಂದೆ. ಈ ಸಾಲನ್ನು ನೋಟಿಸಿನಲ್ಲಿ ಬರೆಯಿರಿ. ಮಾರುವ ಯೋಚನೆ ಇದ್ದವರು ಅಲ್ಲೇ ಮೆತ್ತಗಾಗುತ್ತಾರೆ. ವಿದೇಶದಲ್ಲಿರುವವರಿಗೆ ಅವರ ಎನ್‌ಆರ್‌ಒ ಖಾತೆಯಿಂದ (ಅನಿವಾಸಿಗಳು ಇಲ್ಲಿಡುವ ರೂಪಾಯಿ ಖಾತೆ) ಪ್ರತಿ ತಿಂಗಳು ತಾನಾಗಿ ಹೋಗುವ ವ್ಯವಸ್ಥೆ ಮಾಡಲು ಹೇಳಿ. ಮನೆ ಬಾಡಿಗೆಗೆ ಕೊಟ್ಟಿದ್ದರೆ ಕರಾರಿನಲ್ಲಿ ಮೆಂಟೆನೆನ್ಸ್ ಬಾಡಿಗೆಯವರೇ ನೇರ ಕಟ್ಟುವಂತೆ ಸೇರಿಸಿದರೆ ಇನ್ನೂ ಸುಲಭ.

ಈಗಿನ ಕೆಲಸದ ಪಟ್ಟಿ ನೋಡಿದರೆ ಶೀಟಿನ ಹತ್ತಿರವೂ ಬರುವುದಿಲ್ಲ. ಅಡಿಗೆ 10 ರೂಪಾಯಿ ಎತ್ತಿದರೆ 3.84 ಲಕ್ಷ: ಸಣ್ಣ ಮನೆಗೆ 10,500, ದೊಡ್ಡದಕ್ಕೆ 14,500. ಆಗ ವರ್ಷದ ಒಟ್ಟು 11.52 ಲಕ್ಷ, ಜಿಎಸ್‌ಟಿ ಚಿಂತೆ ಇಲ್ಲ. ಕಾಂಟ್ರಾಕ್ಟರಿಗೆ ಒಂದು ಬಿಲ್ಲು 30,000 ಅಥವಾ ವರ್ಷಕ್ಕೆ 1 ಲಕ್ಷ ದಾಟಿದರೆ ಟಿಡಿಎಸ್ (ಪಾವತಿಯಲ್ಲೇ ಕಡಿದು ಸರಕಾರಕ್ಕೆ ಕಟ್ಟುವ ಆದಾಯ ತೆರಿಗೆ) ಹಿಡಿಯಬೇಕು: ವ್ಯಕ್ತಿಯಾದರೆ 1%, ಕಂಪನಿ-ಪಾಲುದಾರಿಕೆಯಾದರೆ 2%. ಅದನ್ನು ಕಟ್ಟಲು ಬೇಕಾದ ಟ್ಯಾನ್ ನಂಬರು ಇಲ್ಲದಿದ್ದರೆ ಈಗಲೇ ಅರ್ಜಿ ಹಾಕಿ. ಎಫ್‌ಡಿ ಮುಟ್ಟಬೇಡಿ. ಅದರ ಬಡ್ಡಿಗೆ ಆದಾಯ ತೆರಿಗೆ ಉಂಟು, "ನಮ್ಮದು ಲಾಭವಿಲ್ಲದ ಸಂಘ" ಎಂದರೆ ನಡೆಯುವುದಿಲ್ಲ. ಬ್ಯಾಂಕಿನಿಂದ ಬರುವ ಬಡ್ಡಿಗೆ ಸದಸ್ಯರ ಪರಸ್ಪರತೆಯ ವಾದ (ತಮ್ಮತಮ್ಮೊಳಗೆ ಕೂಡಿಸಿದ ಹಣ ಆದಾಯವಲ್ಲ ಎಂಬುದು) ಅನ್ವಯಿಸುವುದಿಲ್ಲ ಎಂದು ಬೆಂಗಳೂರು ಕ್ಲಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ.

---

ಉಡುಪಿ_ಬಾವಿಕಟ್ಟೆ ಉತ್ತರಿಸಿದ್ದು:

ಪೈಪಿನ ಲೆಕ್ಕ ಕೇಳಿದ್ದಕ್ಕೆ ಸೇರಿಸುವುದು. ರಾಷ್ಟ್ರೀಯ ಕಟ್ಟಡ ಸಂಹಿತೆಯ ಕೋಷ್ಟಕದಲ್ಲಿ 4 ಇಂಚಿನ ಪೈಪಿಗೆ, ಗಂಟೆಗೆ 100 ಮಿ.ಮೀ. ಮಳೆಯ ಲೆಕ್ಕದಲ್ಲಿ, ಸುಮಾರು 42 ಚದರ ಮೀಟರ್ ಚಾವಣಿ, ಅಂದರೆ 450 ಚದರ ಅಡಿ ಚಿಲ್ಲರೆ. ನಿಮ್ಮ 8,500 ಚದರ ಅಡಿಗೆ 18-19 ಬೇಕು. ಹೆಚ್ಚಿನ ಕಟ್ಟಡಗಳಲ್ಲಿ ಎಂಟೋ ಹತ್ತೋ ಇರುತ್ತದೆ, ಜೋರು ಮಳೆಗೆ ಟೆರೇಸಿನಲ್ಲಿ ನೀರು ನಿಂತೇ ನಿಲ್ಲುತ್ತದೆ. ಹೊಸ ಪೈಪು ಹಾಕುವುದಾದರೆ 6 ಇಂಚಿನದ್ದು ಹಾಕಿ, ಎಣಿಕೆ ಮೂರನೇ ಒಂದಕ್ಕೆ ಇಳಿಯುತ್ತದೆ.

ಈ ನೀರನ್ನು ಯಾವ ಕಾರಣಕ್ಕೂ ಒಳಚರಂಡಿ ಚೇಂಬರಿಗೆ ಬಿಡಬೇಡಿ. ಮಳೆಗಾಲದಲ್ಲಿ ರಸ್ತೆ ಮೇಲೆ ಮ್ಯಾನ್‌ಹೋಲ್ ಉಕ್ಕುವುದಕ್ಕೆ ಇದೇ ದೊಡ್ಡ ಕಾರಣ, ತಗ್ಗಿನಲ್ಲಿರುವ ನಿಮ್ಮ ಚೇಂಬರೇ ಮೊದಲು ಉಕ್ಕುತ್ತದೆ. ಮಳೆ ಚರಂಡಿಗೆ ಬಿಡಿ, ಇಲ್ಲ ಬಾವಿಯ ಮೇಲ್ಬದಿಯಲ್ಲಿ ಇಂಗುಗುಂಡಿ ಮಾಡಿ. ನೇರ ಬಾವಿಗೆ ಬಿಡುವುದು ನೋಡಲು ಚಂದ, ಆದರೆ ಜುಲೈಯಲ್ಲಿ ಬಾವಿ ಹೇಗೂ ತುಂಬಿರುತ್ತದೆ. ಕೆಂಪುಕಲ್ಲಿನ ನೆಲ ಕುಡಿದಷ್ಟೇ ಬೇಗ ತಗ್ಗಿಗೆ ಬಿಟ್ಟುಕೊಡುತ್ತದೆ, ಹಾಗಾಗಿ ಏಪ್ರಿಲಿನಲ್ಲಿ ಭಾರೀ ನೀರು ಸಿಗುವ ಆಸೆ ಬೇಡ. ಲಾಭ ಇರುವುದು ಬೇರೆ ಕಡೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟೆರೇಸಿನ ನೀರನ್ನು ಸೋಸಿ ಬೇರೆ ಸಂಪಿಗೆ ಬಿಟ್ಟು ಕಾರು, ಗಿಡ, ಅಂಗಳ ತೊಳೆಯಲು ಬಳಸಿ. ಇನ್ನು 2019ರ ಮೇಯಂತೆ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದು ಪಾಲಿಕೆ ಸರದಿ ಪ್ರಕಾರ ಬಿಡುವ ಸ್ಥಿತಿ ಬಂದರೆ (ನಮ್ಮ ಉಡುಪಿಯಲ್ಲಿ ಬಜೆ ಅಣೆಕಟ್ಟಿನದ್ದೂ ಆಗ ಅದೇ ಪಾಡು), ರಾತ್ರಿಗೆ 280 ಲೀಟರ್ ಸೋರುವ ಟ್ಯಾಂಕ್ ಇಟ್ಟುಕೊಂಡು ಟ್ಯಾಂಕರಿಗೆ ದುಡ್ಡು ಕೊಡುವುದು ಎಂಥ ಕರ್ಮ ಮಾರಾಯ್ರೆ.

ಮೊದಲ ಮಳೆ ಬಿದ್ದ ಮೇಲೆ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದು ಮರೆಯಬೇಡಿ. 1,000 ಲೀಟರಿಗೆ 2.5 ಗ್ರಾಂ, ಹೊಸ ಪೌಡರಾದರೆ. ಬಾವಿಯ ಅಡ್ಡಳತೆ ಎರಡೂವರೆ ಮೀಟರ್, ನೀರು ನಾಲ್ಕು ಮೀಟರ್ ಇದ್ದರೆ ಸುಮಾರು 19,600 ಲೀಟರ್, ಪೌಡರ್ 50 ಗ್ರಾಂ. ಬಕೆಟಿನಲ್ಲಿ ಸ್ವಲ್ಪ ನೀರಿನಲ್ಲಿ ಮೊದಲು ಪೇಸ್ಟ್ ಮಾಡಿ, ಮುಕ್ಕಾಲು ಬಕೆಟ್ ನೀರು ಸೇರಿಸಿ ಕಲಸಿ, 10 ನಿಮಿಷ ಬಿಡಿ. ಸುಣ್ಣ ಅಡಿಯಲ್ಲಿ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟಿಗೆ ಬಗ್ಗಿಸಿ, ಹಗ್ಗ ಕಟ್ಟಿ ನೀರಿನ ಒಳಗೆ ಇಳಿಸಿ, ಮೇಲೆ-ಕೆಳಗೆ ಅಲ್ಲಾಡಿಸಿ. ಕನಿಷ್ಠ ಒಂದು ಗಂಟೆ ಪಂಪ್ ಹಾಕಬಾರದು. ವಾಚ್‌ಮನ್ ಕೈಗೆ ಚೀಲ ಕೊಟ್ಟು "ಸುರಿ" ಎಂದರೆ ಇದಾಗುವುದಿಲ್ಲ, ಒಬ್ಬರು ನಿಂತು ಮಾಡಿಸಬೇಕು.

---

ಬಿಜೈ_ಸೆಕ್ರೆಟರಿ ಬರೆದದ್ದು:

ಪೈಪು ಒಟ್ಟು ಒಂಬತ್ತು, ಎಲ್ಲ 4 ಇಂಚಿನದ್ದು. ಅದರಲ್ಲಿ ಎರಡು ಚೇಂಬರಿಗೇ ಹೋಗಿ ಉಂಟು, ಇವತ್ತು ಗೊತ್ತಾಯಿತು. ಸಭೆಯ ನೋಟಿಸು ಈ ಭಾನುವಾರ ಹೊರಡಿಸುತ್ತೇವೆ. ನಿರ್ಣಯದ ಭಾಷೆ ಹೇಗಿರಬೇಕು? ಕಾಂಟ್ರಾಕ್ಟರಿಗೆ ಹಣ ಯಾವ ಹಂತದಲ್ಲಿ ಎಷ್ಟು?

---

ಕೆಂಪುಕಲ್ಲು ಉತ್ತರಿಸಿದ್ದು:

ಮುಂಗಡ 20% ಮೇಲೆ ಬೇಡ. ಸಾಮಗ್ರಿ ಬಂದು ಡಬ್ಬಿಯ ಸೀಲು, ತಯಾರಿ ದಿನಾಂಕ ನೋಡಿದ ಮೇಲೆ 30%. ಕೆಲಸ ಮುಗಿದಾಗ 25%. ಟ್ಯಾಂಕಿನ ಗೆರೆ ಟೆಸ್ಟ್ ಮತ್ತು 402ರ ಪಾಂಡಿಂಗ್ ಪಾಸಾದ ಮೇಲೆ 15%. ಕೊನೆಯ 10% ಅಕ್ಟೋಬರ್ 31ರ ನಂತರ, ಒಂದು ಮಳೆಗಾಲ ಕಂಡ ಮೇಲೆ. ಈ ಕೊನೆಯದಕ್ಕೆ ಒಪ್ಪದ ಕಾಂಟ್ರಾಕ್ಟರನ್ನು ಬಿಟ್ಟುಬಿಡಿ. ಗ್ಯಾರಂಟಿ ಸ್ಟ್ಯಾಂಪ್ ಪೇಪರಿನಲ್ಲಿ ಕೆಲಸ ಮಾಡಿದವರದ್ದೇ ಬೇಕು. ಕೋಟಿಂಗ್ ಕಂಪನಿಯ ಬ್ರೋಶರ್ ಗ್ಯಾರಂಟಿ ಅಲ್ಲ, ಅದು ಡಬ್ಬಿಗೆ ಮಾತ್ರ. ಅಳತೆ ಟೇಪು ಹಿಡಿದೇ ಬಿಲ್ಲು, ಅಂದಾಜಿಗೆ ಬೇಡ. ಚೇಂಬರಿಗೆ ಹೋಗುವ ಆ ಎರಡು ಪೈಪನ್ನು ಇದೇ ಕೆಲಸದಲ್ಲಿ ಸೇರಿಸಿ ಚರಂಡಿಗೆ ತಿರುಗಿಸಿ.

---

ಲೆಕ್ಕಪತ್ರ ಉತ್ತರಿಸಿದ್ದು:

ನೋಟಿಸಿಗೆ ಎಷ್ಟು ದಿನ ಮೊದಲು, ಕೋರಂ ಎಷ್ಟು ಎಂದು ಬೈಲಾ ನೋಡಿ, ಅದರಲ್ಲಿ ಒಂದು ದಿನ ಕಡಿಮೆಯಾದರೂ ಬಾಕಿದಾರರು ಅದನ್ನೇ ಹಿಡಿಯುತ್ತಾರೆ. ಟೆಸ್ಟಿನ ಫೋಟೋ, ಮೂರು ಕೊಟೇಶನ್, ಮನೆವಾರು ಮೊತ್ತದ ಪಟ್ಟಿ ನೋಟಿಸಿನ ಜೊತೆಗೇ ಹೋಗಲಿ. ಸಭೆಯಲ್ಲಿ ಹೊಸದಾಗಿ ತೆಗೆದರೆ "ನಮಗೆ ಗೊತ್ತೇ ಇರಲಿಲ್ಲ" ಶುರುವಾಗುತ್ತದೆ. ಕರಡು ಹೀಗೆ, ನಿಮಗೆ ಬೇಕಾದಂತೆ ತಿದ್ದಿಕೊಳ್ಳಿ:

"ಕಟ್ಟಡದ ಮೇಲಿನ ನೀರಿನ ಟ್ಯಾಂಕ್, ಮಳೆನೀರಿನ ಪೈಪುಗಳು ಹಾಗೂ ಪಡುವಣ ಹೊರಗೋಡೆ ಸಾಮಾನ್ಯ ಭಾಗಗಳಾಗಿರುವುದರಿಂದ ಅವುಗಳ ದುರಸ್ತಿಗೆ ರೂ. 3,84,000 ಮೀರದಂತೆ ಖರ್ಚು ಮಾಡಲು, ಈ ಮೊತ್ತವನ್ನು ಪ್ರತಿ ಚದರ ಅಡಿಗೆ ರೂ. 10ರಂತೆ ಎಲ್ಲ 32 ಫ್ಲ್ಯಾಟ್ ಮಾಲೀಕರಿಂದ ಏಪ್ರಿಲ್ 15 ಮತ್ತು ಮೇ 15ರಂದು ಎರಡು ಸಮ ಕಂತುಗಳಲ್ಲಿ ಸಂಗ್ರಹಿಸಲು, ಸಂಗ್ರಹವಾದ ಹಣವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಇಬ್ಬರ ಸಹಿಯಿಂದ ಮಾತ್ರ ಪಾವತಿಸಲು, ಉಳಿಕೆಯನ್ನು ಕಾರ್ಪಸ್ ನಿಧಿಗೆ ಸೇರಿಸಲು ಹಾಗೂ ಟೆರೇಸಿನ ಯಾವುದೇ ಭಾಗವನ್ನು ಯಾವುದೇ ಸದಸ್ಯರ ಸ್ವಂತ ಬಳಕೆಗೆ ಬಿಟ್ಟುಕೊಡದಿರಲು ಸಭೆ ತೀರ್ಮಾನಿಸಿತು."

ಪರ ಎಷ್ಟು, ವಿರುದ್ಧ ಎಷ್ಟು, ಯಾರು ಸೂಚಿಸಿದರು, ಯಾರು ಅನುಮೋದಿಸಿದರು ಎಂದು ಅಲ್ಲೇ ನಡಾವಳಿ ಪುಸ್ತಕದಲ್ಲಿ ಬರೆದು ಹಾಜರಿದ್ದವರ ಸಹಿ ತೆಗೆದುಕೊಳ್ಳಿ. ಪ್ರತಿ ಮರುದಿನವೇ ಊರಲ್ಲಿಲ್ಲದವರಿಗೆ ಈಮೇಲಿನಲ್ಲಿ ಹೋಗಲಿ. ಮಹಾಸಭೆಯ ನಂತರ ಆಡಳಿತ ಮಂಡಳಿಯ ಪಟ್ಟಿ ಮತ್ತು ಆಡಿಟ್ ಲೆಕ್ಕ ಸಂಘಗಳ ನೋಂದಣಾಧಿಕಾರಿಗೆ ಪ್ರತಿ ವರ್ಷ ಸಲ್ಲಿಕೆಯಾಗಿದೆಯೇ ಎಂದೂ ನೋಡಿ. ನಾಳೆ ವಸೂಲಿ ದಾವೆ ಹಾಕಿದರೆ ಎದುರು ವಕೀಲರು ಮೊದಲು ಕೇಳುವುದು ಅದನ್ನೇ.